ಹಿತ್ತಲ ಹತ್ತು ಕೋಳಿಗೆ ಯಾವ ತಳಿ? ಮಳೆ, ಬಿಸಿಲು, ಚಳಿ ನೋಡಿ ಆರಿಸುವ ಬಗೆ

ಆಷಾಢದಲ್ಲಿ ನಾಲ್ಕೈದು ದಿನ ಬಿಸಿಲೇ ಕಾಣದಿದ್ದಾಗ ಕೋಳಿ ಒಡ್ಡಿಯ ಬಾಗಿಲು ತೆಗೆದು ಒಳಗೆ ಬಗ್ಗಿದರೆ ಮೊದಲು ಉರಿಯುವುದು ಕಣ್ಣು. ನೆಲಕ್ಕೆ ಹಾಸಿದ ಭತ್ತದ ಹೊಟ್ಟು ತೇವ ಹೀರಿಕೊಂಡು, ಹಿಕ್ಕೆಯ ಜೊತೆ ಕಲಸಿ, ಅಮೋನಿಯದ ವಾಸನೆ ಗಪ್ಪನೆ ಮುಖಕ್ಕೆ ಹೊಡೆಯುತ್ತದೆ. ನಮ್ಮದು ತೀರ್ಥಹಳ್ಳಿ ಕಡೆ. ಅದೇ ವಾರ ಅಕ್ಕ ಫೋನ್ ಮಾಡಿದರೆ, "ನಮ್ಮಲ್ಲಿ ಈಗ ಚಲೋ ತತ್ತಿ ಇಡಾಕತ್ತಾವ" ಅನ್ನುತ್ತಾಳೆ. ಭಾವ ಮೇಷ್ಟ್ರಾಗಿ ಲಿಂಗಸುಗೂರಿಗೆ ಹೋಗಿ ಅಲ್ಲೇ ಮನೆ ಕಟ್ಟಿ ಇಪ್ಪತ್ತು ವರ್ಷವಾಯಿತು, ಅಕ್ಕನ ಮಾತೂ ಆ ಕಡೆಯದಾಗಿದೆ. ಅವಳ ಕೋಳಿಗಳು ಸೊರಗುವುದು ಏಪ್ರಿಲ್‌ನಲ್ಲಿ. ಆಗ ನನ್ನವು ಅಡಿಕೆ ತೋಟದ ನೆರಳಿನಲ್ಲಿ ಕೆದಕಿಕೊಂಡು ಆರಾಮಾಗಿರುತ್ತವೆ.

ಹೊಸದಾಗಿ ಕೋಳಿ ಸಾಕುವವರು ಕೇಳುವ ಮೊದಲ ಪ್ರಶ್ನೆ, "ವರ್ಷಕ್ಕೆ ಹೆಚ್ಚು ಮೊಟ್ಟೆ ಯಾವುದು ಇಡುತ್ತೆ?" ಅದಕ್ಕೆ ಉತ್ತರವೇನೋ ಇದೆ, ಕೆಳಗೆ ಬರೆದಿದ್ದೇನೆ. ಆದರೆ ಆ ಲೆಕ್ಕ ಹೊಟ್ಟೆತುಂಬ ಮೇವು ತಿಂದು, ಬೆಚ್ಚಗೆ ಒಣಗಿದ ಜಾಗದಲ್ಲಿದ್ದ ಕೋಳಿಯದು. ನಿಮ್ಮ ಊರಿನಲ್ಲಿ ಕೋಳಿಗೆ ಅತಿ ಕಷ್ಟದ ಮೂರು ತಿಂಗಳು ಯಾವುವು, ಆ ತಿಂಗಳುಗಳಲ್ಲಿ ಹಗಲು ಮನೆಯಲ್ಲಿ ಯಾರಿರುತ್ತಾರೆ ಎಂಬ ಎರಡನ್ನು ಮೊದಲು ಯೋಚಿಸಿ. ತಳಿ, ಗೂಡು, ಮರಿ ತರುವ ತಿಂಗಳು ಎಲ್ಲವೂ ಅದರ ಮೇಲೆ ನಿಂತಿವೆ.

ನಾಟಿಯೋ, ಗಿರಿರಾಜನೋ?

ನಾಟಿ ಕೋಳಿ, ಕರಾವಳಿಯವರ ಊರಕೋಳಿ, ಉತ್ತರ ಕರ್ನಾಟಕದವರ ಜವಾರಿ ಕೋಳಿ ಎಲ್ಲವೂ ಒಂದೇ ಬಗೆಯವು. ವರ್ಷಕ್ಕೆ 50ರಿಂದ 80 ಮೊಟ್ಟೆ, ಒಂದೊಂದು 40 ಗ್ರಾಂ ಆಸುಪಾಸು. ಹ್ಯಾಟೆ ಮೊದಲ ಮೊಟ್ಟೆ ಇಡಲು ಆರೇಳು ತಿಂಗಳು ಬೇಕು. ಹನ್ನೆರಡು ಹದಿನೈದು ಮೊಟ್ಟೆ ಇಟ್ಟ ಮೇಲೆ ಕಾವು ಕೂರುತ್ತದೆ. 21 ದಿನಕ್ಕೆ ಮರಿ ಒಡೆದರೆ ಮತ್ತೆ ಎರಡು ಮೂರು ತಿಂಗಳು ಮರಿಗಳ ಹಿಂದೆ. ಅಷ್ಟು ದಿನ ಮೊಟ್ಟೆಯ ಆಸೆ ಬಿಡಬೇಕು. ಕಾಗದದ ಮೇಲೆ ನೋಡಿದರೆ ನಷ್ಟದ ಕೋಳಿಯೇ ಸರಿ.

ಕಾಗದಕ್ಕೆ ಬಾರದ ಗುಣಗಳೂ ಇವೆ. ನಾಟಿ ಕೋಳಿ ಹುಳು, ಗೆದ್ದಲು, ಹುಲ್ಲಿನ ಬೀಜ, ಮುಸುರೆಯ ಅನ್ನ ತಿಂದೇ ಬದುಕುತ್ತದೆ. ಸಂಜೆ ಒಂದು ಹಿಡಿ ಭತ್ತವೋ ರಾಗಿಯೋ ಚೆಲ್ಲಿದರೆ ಸಾಕು. ಆಕಾಶದಲ್ಲಿ ಹದ್ದಿನ ನೆರಳು ಕಂಡರೆ ಒಂದು ಕೂಗು ಹಾಕುತ್ತದೆ, ಹೂಮರಿಗಳೆಲ್ಲ ಕ್ಷಣದಲ್ಲಿ ಪೊದೆಯೊಳಗೆ. ಮರಿ ಕೊಳ್ಳಲು ಪೇಟೆಗೆ ಹೋಗುವ ಕೆಲಸವಿಲ್ಲ, ತನ್ನ ಪೀಳಿಗೆಯನ್ನು ತಾನೇ ತರುತ್ತದೆ. ನಾನು ನಾಟಿಯ ಪರ ಎಂದು ಈಗಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಅದು ತಿಳಿದುಕೊಂಡೇ ಓದಿ.

ಗಿರಿರಾಜ ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಲ ಸಾಕಣೆಗೆಂದೇ ಬೆಳೆಸಿದ ಕೋಳಿ. ವರ್ಷಕ್ಕೆ 130ರಿಂದ 150 ಮೊಟ್ಟೆ, ಕಂದು ಚಿಪ್ಪು, 50 ಗ್ರಾಂ ದಾಟುತ್ತದೆ. ಮಾಂಸಕ್ಕೂ ಆಗುತ್ತದೆ. ಆದರೆ ಮೈ ಭಾರ. ಓಡಲಾರದು, ಗೋಡೆ ಹಾರಲಾರದು, ಬೀದಿ ನಾಯಿ ಬಂದರೆ ಮೊದಲು ಸಿಗುವುದು ಅದೇ. ಆಮೇಲೆ ಬಂದ ಸ್ವರ್ಣಧಾರ ಅದಕ್ಕಿಂತ ಹಗುರ, ಹಾಗಾಗಿ ನಾಯಿ ಬೆಕ್ಕಿನಿಂದ ತಪ್ಪಿಸಿಕೊಳ್ಳುವುದರಲ್ಲೂ ಚುರುಕು. ಮೊಟ್ಟೆಯೂ ಜಾಸ್ತಿ, ಒಳ್ಳೆಯ ಮೇವಿದ್ದರೆ 180ರ ಹತ್ತಿರ ಹೋಗುತ್ತದೆ. ಐದೂವರೆ ತಿಂಗಳಿಗೆ ಮೊಟ್ಟೆ ಶುರು. ಮೊಟ್ಟೆಗಾಗಿಯೇ ಸಾಕುವವರು ಈ ಎರಡರಲ್ಲಿ ಸ್ವರ್ಣಧಾರವನ್ನು ತೆಗೆದುಕೊಳ್ಳಿ, ಹೆಚ್ಚು ಯೋಚಿಸುವುದೇ ಬೇಡ.

ಇವೆರಡೂ ಕಾವು ಕೂರುವುದಿಲ್ಲ. ಅಂಥ ಗುಣವನ್ನು ತೆಗೆದಿರುವುದರಿಂದಲೇ ಅಷ್ಟು ಮೊಟ್ಟೆ ಬರುವುದು. "ಗಿರಿರಾಜನ ಮೊಟ್ಟೆಯನ್ನು ನಾಟಿ ಕೋಳಿಯ ಕೆಳಗಿಟ್ಟು ಮರಿ ಮಾಡಿಸಿದರಾಯಿತಲ್ಲ" ಎಂದು ಬಹಳ ಜನ ಹೇಳುತ್ತಾರೆ. ಮರಿಯೇನೋ ಆಗುತ್ತದೆ. ಆದರೆ ಬೇರೆ ಬೇರೆ ಸಾಲುಗಳನ್ನು ಕೂಡಿಸಿ ತೆಗೆದ ಕೋಳಿಯಾದ್ದರಿಂದ ಮುಂದಿನ ಪೀಳಿಗೆಯಲ್ಲಿ ತೂಕವೂ ಮೊಟ್ಟೆಯೂ ಹಾಗೇ ಉಳಿಯುವುದಿಲ್ಲ. ಒಂದು ಮರಿ ಅಮ್ಮನ ಹಾಗೆ, ಇನ್ನೊಂದು ಊರ ಹುಂಜದ ಹಾಗೆ. ಮನೆಬಳಕೆಗೆ ಅಡ್ಡಿಯಿಲ್ಲ, ಆದರೆ ಅಮ್ಮನಷ್ಟೇ ಮೊಟ್ಟೆ ಇಡುತ್ತದೆಂದು ನಂಬಿ ಕಾಯಬೇಡಿ.

ಹೈದರಾಬಾದಿನ ಕೇಂದ್ರ ಸಂಸ್ಥೆಯ ವನರಾಜ, ಗ್ರಾಮಪ್ರಿಯ ಮತ್ತು ಬೆಂಗಳೂರಿನ ಹೆಸರಘಟ್ಟದ ಕಾವೇರಿ ಕೂಡ ನಮ್ಮ ಕಡೆ ಸಿಗುತ್ತವೆ. ವನರಾಜ ಗಿರಿರಾಜದಂತೆ ಮೈತುಂಬಿದ ಕೋಳಿ, ಹಿತ್ತಲಲ್ಲಿ ನೂರು ನೂರಹತ್ತು ಮೊಟ್ಟೆ. ಗ್ರಾಮಪ್ರಿಯ ಮೊಟ್ಟೆಗೆಂದೇ ಬಂದದ್ದು, ಸ್ವರ್ಣಧಾರ ಸಿಗದ ಕಡೆ ಕಣ್ಣುಮುಚ್ಚಿ ತರಬಹುದು.

ಇನ್ನು ಫಾರ್ಮಿನ ಬಿಳಿ ಕೋಳಿ. ಬಿವಿ-300 ಥರದವು ವರ್ಷಕ್ಕೆ 300 ದಾಟುತ್ತವೆ, ಹದಿನೆಂಟು ಹತ್ತೊಂಬತ್ತು ವಾರಕ್ಕೇ ಶುರು. ಆದರೆ ದಿನಕ್ಕೆ 110 ಗ್ರಾಂ ಸಮತೋಲದ ಲೇಯರ್ ಮೇವು (ಮೊಟ್ಟೆ ಇಡುವ ಕೋಳಿಯ ಮೇವು) ತಪ್ಪುವಂತಿಲ್ಲ. ತಪ್ಪಿದರೆ ತನ್ನ ಮೂಳೆಯ ಸುಣ್ಣ ಕರಗಿಸಿ ಮೊಟ್ಟೆ ಇಡುತ್ತದೆ, ಕೊನೆಗೆ ಕಾಲು ಸೋತು ಕೂತುಬಿಡುತ್ತದೆ. ಅಂಥದೊಂದನ್ನು ಒಮ್ಮೆ ತಂದು ನಾಟಿ ಕೋಳಿಗಳ ಜೊತೆ ಬಿಟ್ಟಿದ್ದೆ. ಮೇಯಲು ಗೊತ್ತಿಲ್ಲದೆ ಅಂಗಳದ ಮಧ್ಯೆ ನಿಂತೇ ಇರುತ್ತಿತ್ತು. ಈಗಲೂ ನೆನೆದರೆ ಸಂಕಟವಾಗುತ್ತದೆ. ಮೇಯಲು ಬಿಡುವ ಹಿತ್ತಲಿಗೆ ಅದು ಬೇಡ.

ಮಳೆಗಾಲ: ಹಾಸೋ, ದಬ್ಬೆಯೋ?

ಮಲೆನಾಡಿನಲ್ಲಿ, ಕರಾವಳಿಯಲ್ಲಿ ತಳಿಗಿಂತ ಗೂಡು ಮುಖ್ಯ. ಇಲ್ಲಿ ಎರಡು ದಾರಿಗಳಿವೆ. ನೆಲಕ್ಕೆ ನಾಲ್ಕೈದು ಇಂಚು ಹೊಟ್ಟು ಹಾಸಿ ಅದರ ಮೇಲೆ ಸಾಕುವುದು ಒಂದು. ನೆಲದಿಂದ ಎರಡು ಮೂರು ಅಡಿ ಎತ್ತರಕ್ಕೆ ಅಡಿಕೆ ಮರ ಸೀಳಿದ ದಬ್ಬೆಯನ್ನು ಬೆರಳು ಸಂದಿ ಬಿಟ್ಟು ಬಡಿದು ಅದರ ಮೇಲೆ ಒಡ್ಡಿ ಮಾಡುವುದು ಇನ್ನೊಂದು.

ನಾನು ಮೊದಲ ಮೂರು ವರ್ಷ ಹಾಸಿನ ಮೇಲೆ ಸಾಕಿದೆ. ಬೇಸಿಗೆಯಲ್ಲಿ ಬಹಳ ಸುಲಭ, ವಾರಕ್ಕೆರಡು ಸಲ ಕೆದಕಿ ಮೇಲೆ ಕೆಳಗೆ ಮಾಡಿದರೆ ಆಯಿತು, ವರ್ಷದ ಕೊನೆಗೆ ಗೊಬ್ಬರ ಸಿಗುತ್ತದೆ. ಮಳೆಗಾಲದಲ್ಲಿ ಮಾತ್ರ ಸೋತೆ. ತೇವವಾದ ಬೆಚ್ಚನೆಯ ಹಾಸಿನಲ್ಲಿ ರಕ್ತಭೇದಿ ತರುವ ಜೀವಿ ಬಲಿಯುತ್ತದೆ. ಎರಡು ಮೂರು ದಿನ ಮರಿಗಳು ರೆಕ್ಕೆ ಜೋತುಬಿಟ್ಟು ಮೂಲೆ ಹಿಡಿದವು, ಹಿಕ್ಕೆಯಲ್ಲಿ ರಕ್ತ ಕಂಡಿತು, ನಾಲ್ಕನೇ ದಿನ ಹತ್ತರಲ್ಲಿ ಆರು ಹೋದವು. ಪಶುವೈದ್ಯರಲ್ಲಿಗೆ ನಾನು ಹೋದದ್ದು ಐದನೇ ದಿನ. ನೀರಿಗೆ ಹಾಕುವ ಔಷಧ ಇದೆ, ಮೊದಲ ದಿನವೇ ಕೊಟ್ಟಿದ್ದರೆ ಉಳಿಯುತ್ತಿದ್ದವು. ಆ ಆರು ಮರಿಗಳ ಲೆಕ್ಕ ಈಗಲೂ ನನ್ನ ಮನಸ್ಸಿನಲ್ಲಿದೆ.

ಮರು ವರ್ಷ ದಬ್ಬೆಯ ಒಡ್ಡಿ ಮಾಡಿಸಿದೆ. ಹಿಕ್ಕೆ ಸಂದಿಯಿಂದ ಕೆಳಗೆ ಬೀಳುತ್ತದೆ, ಕೋಳಿಯ ಕಾಲು ಒಣಗಿರುತ್ತದೆ, ವಾಸನೆ ಬಹುಪಾಲು ಹೋಗಿದೆ. ಖರ್ಚು ಹೆಚ್ಚು. ಮೂರು ನಾಲ್ಕು ವರ್ಷಕ್ಕೊಮ್ಮೆ ದಬ್ಬೆ ಬದಲಿಸಬೇಕು. ಕೆಳಗಿನ ಜಾಗಕ್ಕೆ ಸುತ್ತ ಬಲೆ ಹಾಕದಿದ್ದರೆ ಹೆಗ್ಗಣ ಬಿಲ ತೋಡುತ್ತದೆ, ಮುಂಗುಸಿಯೂ ಸೇರಿಕೊಳ್ಳುತ್ತದೆ. ಗಾಳಿಮಳೆ ಬಡಿಯುವ ದಿಕ್ಕಿಗೆ ಸೋಗೆಯದೋ ಗೋಣಿಯದೋ ತಟ್ಟಿ ಕಟ್ಟಬೇಕು, ಆದರೆ ಮೇಲ್ಗಡೆ ಒಂದು ಅಡಿ ಗಾಳಿಗೆ ಬಿಟ್ಟಿರಬೇಕು. ಪೂರ್ತಿ ಮುಚ್ಚಿದ ಒಡ್ಡಿಯಲ್ಲಿ ಕೋಳಿಗೆ ಸೀನು, ಗೊರಗೊರ ಶುರುವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಡೆಬಿಡದೆ ಮಳೆ ಬೀಳುವ ಊರಿಗೆ ದಬ್ಬೆಯೇ ಸರಿ. ಬಯಲುಸೀಮೆಗೆ ಹಾಸು ಸಾಕು. ಅಲ್ಲಿಯೂ ಮಳೆ ಶುರುವಾಗುವ ಮೊದಲು, ಹಾಸು ಒಣಗಿದ್ದಾಗಲೇ, ಅರಳಿದ ಸುಣ್ಣದ ಪುಡಿಯನ್ನು ತೆಳ್ಳಗೆ ಉದುರಿಸಿ ಕೆದಕಿಬಿಡಿ.

ಮಳೆಗಾಲದಲ್ಲಿ ಮೇವಿನ ಚೀಲದ ಮೇಲೂ ಕಣ್ಣಿಡಬೇಕು. ಮುಸುಕಿನ ಜೋಳ, ಶೇಂಗಾ ಹಿಂಡಿ ಬೂಷ್ಟು ಹಿಡಿದರೆ ಅದರಲ್ಲಿ ಹುಟ್ಟುವ ವಿಷ ಕೋಳಿಯ ಪಿತ್ತಜನಕಾಂಗವನ್ನೇ ಕೆಡಿಸುತ್ತದೆ. ಬಿಸಿಲಿಗೆ ಒಣಗಿಸಿದರೆ ಬೂಷ್ಟು ಕಾಣದಾಗಬಹುದು, ವಿಷ ಹೋಗುವುದಿಲ್ಲ. ಕಮಟು ವಾಸನೆ ಬಂದ ಮೇವನ್ನು ಗೊಬ್ಬರದ ಗುಂಡಿಗೆ ಸುರಿಯಿರಿ. ಎರಡು ವಾರಕ್ಕಾಗುವಷ್ಟೇ ತನ್ನಿ, ಅಗ್ಗವೆಂದು ಮೂಟೆಗಟ್ಟಲೆ ಬೇಡ.

ಬೇಸಿಗೆ: ಅಕ್ಕನ ಹಿತ್ತಲು

ರಾಯಚೂರು, ಕಲಬುರಗಿ, ಬಳ್ಳಾರಿ ಕಡೆ ಏಪ್ರಿಲ್, ಮೇ ಎಂದರೆ 40 ಡಿಗ್ರಿ ದಾಟುವ ದಿನಗಳು. ಕೋಳಿಗೆ ಬೆವರಿನ ಗ್ರಂಥಿ ಇಲ್ಲ. 32 ಡಿಗ್ರಿ ಮೀರಿತೆಂದರೆ ಬಾಯಿ ತೆರೆದು ಏದುಸಿರು ಬಿಡುತ್ತದೆ, ರೆಕ್ಕೆಯನ್ನು ಮೈಯಿಂದ ದೂರ ಹಿಡಿಯುತ್ತದೆ. ಆ ಏದುಸಿರಿನಲ್ಲಿ ರಕ್ತದ ಇಂಗಾಲಾಮ್ಲ ಹೊರಟುಹೋಗುವುದರಿಂದ ಚಿಪ್ಪಿಗೆ ಬೇಕಾದ ಸುಣ್ಣ ಕೂಡಿಬರುವುದಿಲ್ಲ. ಬೇಸಿಗೆಯ ಮೊಟ್ಟೆ ಕೈಯಲ್ಲಿ ಹಿಡಿದರೇ ಬಿರುಕು ಬಿಡಲು ಅದೇ ಕಾರಣ. ಜೊತೆಗೆ ಮೇವೂ ಕಡಿಮೆ ತಿನ್ನುತ್ತದೆ.

ಇಲ್ಲಿ ತಳಿಯ ವ್ಯತ್ಯಾಸ ಎದ್ದು ಕಾಣುತ್ತದೆ. ಅಕ್ಕ ಮೊದಲು ಆರು ಗಿರಿರಾಜ ತಂದಿದ್ದಳು. ಮೇ ತಿಂಗಳ ಒಂದು ಮಧ್ಯಾಹ್ನ ತಗಡಿನ ಗೂಡಿನಲ್ಲಿ ಮೂರು ಸತ್ತವು, ಮೂರೂ ಎಲ್ಲಕ್ಕಿಂತ ದಪ್ಪನೆಯವು. ಪಕ್ಕದ ಮನೆಯ ಜವಾರಿ ಕೋಳಿಗಳು ಬೇವಿನ ಮರದ ಬುಡದಲ್ಲಿ ಗುಂಡಿ ತೋಡಿಕೊಂಡು ಮಣ್ಣಲ್ಲಿ ಮೈ ಹೂತು ಮಲಗಿದ್ದವು. ಹಗುರ ಮೈಯ ಕೋಳಿ ಬಿಸಿಲು ತಾಳುತ್ತದೆ, ಭಾರದ್ದು ತಾಳುವುದಿಲ್ಲ. ಬೋಳು ಕತ್ತಿನ ಕೋಳಿ ಇನ್ನೂ ಚೆನ್ನಾಗಿ ತಾಳುತ್ತದೆ, ಕುತ್ತಿಗೆಯಿಂದ ಶಾಖ ಹೋಗಲು ದಾರಿ ಇರುವುದರಿಂದ. ನೋಡಲು ಚೆಂದವಿಲ್ಲವೆಂದು ಜನ ಅದನ್ನು ಬಿಡುವುದು ನನಗೆ ಬೇಜಾರಿನ ಸಂಗತಿ.

ಬಿಸಿಲ ನಾಡಿನವರಿಗೆ ನನ್ನ ಆಯ್ಕೆ ಹೀಗೆ: ಮೊದಲು ಜವಾರಿ, ಆಮೇಲೆ ಗ್ರಾಮಪ್ರಿಯ ಅಥವಾ ಸ್ವರ್ಣಧಾರ. ಗಿರಿರಾಜ, ವನರಾಜ ಬೇಕೇಬೇಕೆಂದರೆ ಮರದ ದಟ್ಟ ನೆರಳಿರಲಿ. ಅಕ್ಕ ಈಗ ತಗಡಿನ ಮೇಲೆ ಜೋಳದ ಕಣಿಕೆ ಹಾಸಿ, ಬೆಳಗ್ಗೆ ಹತ್ತಕ್ಕೊಮ್ಮೆ, ಮಧ್ಯಾಹ್ನ ಎರಡಕ್ಕೊಮ್ಮೆ ನೀರು ಚಿಮುಕಿಸುತ್ತಾಳೆ. ಮೇವು ಬೆಳಗಿನ ಆರಕ್ಕೆ ಮತ್ತು ಸಂಜೆ ಐದೂವರೆಯ ಮೇಲೆ ಮಾತ್ರ. ಅರಗುವಾಗಲೂ ಮೈ ಕಾಯುವುದರಿಂದ ನಡುಹಗಲು ತಿನ್ನಿಸಬಾರದು. ನೀರು ಸಾಮಾನ್ಯ ದಿನ ಕೋಳಿಗೊಂದಕ್ಕೆ ಕಾಲು ಲೀಟರ್ ಆದರೆ ಬೇಸಿಗೆಯಲ್ಲಿ ಅದರ ಇಮ್ಮಡಿ. ಪ್ಲಾಸ್ಟಿಕ್ ಡಬ್ಬಿಯ ನೀರು ಹನ್ನೊಂದಕ್ಕೇ ಬಿಸಿಯಾಗುತ್ತದೆ, ಮಣ್ಣಿನ ಬೋಗುಣಿ ನೆರಳಲ್ಲಿಟ್ಟರೆ ತಂಪಾಗಿರುತ್ತದೆ. ಚಿಪ್ಪಿಗೆ ಕಪ್ಪೆಚಿಪ್ಪಿನ ಪುಡಿಯನ್ನೋ ಸುಣ್ಣದ ಕಲ್ಲಿನ ಹರಳನ್ನೋ ಬೇರೆ ತಟ್ಟೆಯಲ್ಲಿ ಸಂಜೆ ಇಡಿ. ಚಿಪ್ಪು ಕಟ್ಟುವುದು ಹೆಚ್ಚಾಗಿ ರಾತ್ರಿ, ಬೇಕಾದ ಕೋಳಿ ಬೇಕಾದಷ್ಟು ಕುಕ್ಕುತ್ತದೆ. ಮೊಟ್ಟೆ ಇಡದ ಮರಿಗಳಿಗೆ ಇದೂ ಬೇಡ, ಲೇಯರ್ ಮೇವೂ ಬೇಡ. ಹೆಚ್ಚಾದ ಸುಣ್ಣ ಅವುಗಳ ಮೂತ್ರಪಿಂಡಕ್ಕೆ ಕೆಡುಕು.

ಚಳಿಗಾಲ ಮತ್ತು ಬೆಳಕು

ಹಿಮ ಬೀಳುವ ದೇಶಗಳವರು ಕೋಳಿಗೂಡಿಗೆ ಚಳಿಗಾಲದಲ್ಲಿ ದೀಪ ಹಾಕುವುದನ್ನು ನೋಡಿ ನಮ್ಮವರೂ ಕೇಳುತ್ತಾರೆ. ಕೋಳಿ ಚೆನ್ನಾಗಿ ಮೊಟ್ಟೆ ಇಡಲು 14ರಿಂದ 16 ಗಂಟೆ ಬೆಳಕು ಬೇಕೆಂಬುದು ನಿಜ. ಬೆಂಗಳೂರಿನ ಅತಿ ಚಿಕ್ಕ ಹಗಲು ಸುಮಾರು 11 ಗಂಟೆ 20 ನಿಮಿಷ, ಅತಿ ದೊಡ್ಡದು 13 ಗಂಟೆಗೆ ಸ್ವಲ್ಪ ಕಡಿಮೆ. ವ್ಯತ್ಯಾಸ ಒಂದೂವರೆ ಗಂಟೆಯಷ್ಟೇ, ಹಾಗಾಗಿ ನಮ್ಮಲ್ಲಿ ಮೊಟ್ಟೆ ಪೂರ್ತಿ ನಿಲ್ಲುವುದಿಲ್ಲ, ತಗ್ಗುತ್ತದೆ. ನಾಟಿ ಕೋಳಿಗೆ ದೀಪ ಹಾಕಿ ಸಿಗುವ ಲಾಭ ಕರೆಂಟಿನ ಬಿಲ್ಲಿಗೂ ಸಾಲದು. ಸ್ವರ್ಣಧಾರ, ಗ್ರಾಮಪ್ರಿಯ ಇದ್ದರೆ ಒಂದು ಚಿಕ್ಕ ಎಲ್‌ಇಡಿ ಬಲ್ಬನ್ನು ಬೆಳಗಿನ ಜಾವ ನಾಲ್ಕಕ್ಕೆ ಹಾಕಬಹುದು. ಸಂಜೆ ಹಾಕಿ ಥಟ್ಟನೆ ಆರಿಸಿದರೆ ಕತ್ತಲೆಯಲ್ಲಿ ಕೂರುವ ಗಳ ಸಿಗದೆ ಕೋಳಿಗಳು ನೆಲದಲ್ಲೇ ಉಳಿಯುತ್ತವೆ, ಅದಕ್ಕೇ ಬೆಳಗ್ಗೆ ಒಳ್ಳೆಯದು.

ಹೂಮರಿಯೋ, ಬೆಳೆದ ಹ್ಯಾಟೆಯೋ, ಯಾವ ತಿಂಗಳು?

ಒಂದು ದಿನದ ಮರಿ ಅಗ್ಗ. ಆದರೆ ಮೊದಲ ವಾರ 35 ಡಿಗ್ರಿ ಶಾಖ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬೇಕು. ಬಲ್ಬಿನ ಕೆಳಗೆ ಮರಿಗಳು ಒಂದರ ಮೇಲೊಂದು ಬಿದ್ದಿದ್ದರೆ ಚಳಿ, ದೂರ ಸರಿದು ಬಾಯಿ ತೆರೆದಿದ್ದರೆ ಸೆಕೆ, ಹರಡಿಕೊಂಡು ತಿನ್ನುತ್ತಿದ್ದರೆ ಸರಿ. ಇದನ್ನು ರಾತ್ರಿ ಎದ್ದು ನೋಡುವವರಿರಬೇಕು. ಆರು ವಾರ ಸಾಕಿ ಮಾರುವ ಮರಿಗೆ ಬೆಲೆ ಹೆಚ್ಚು, ಆದರೆ ಶಾಖದ ಚಿಂತೆಯಿಲ್ಲ, ಮೊದಲ ಲಸಿಕೆಗಳೂ ಆಗಿರಬೇಕು. ಆಗಿದೆಯೇ ಎಂದು ಕೇಳಿಯೇ ಕೊಳ್ಳಿ. ಮೊದಲ ಸಲ ಸಾಕುವವರಿಗೆ ನಾನು ಹೇಳುವುದು ಆರು ವಾರದ್ದನ್ನೇ. ಮೊಟ್ಟೆ ಇಡುತ್ತಿರುವ ಕೋಳಿಯನ್ನು ಸಂತೆಯಿಂದ ತರುವುದು ಎಲ್ಲಕ್ಕಿಂತ ಅಪಾಯ, ಅದರ ವಯಸ್ಸೂ ರೋಗವೂ ತಿಳಿಯುವುದಿಲ್ಲ. ತಂದರೂ ಎರಡು ಮೂರು ವಾರ ಬೇರೆ ಕಡೆ ಕೂಡಿಡಿ.

ಮಲೆನಾಡಿನಲ್ಲಿ ಮರಿ ತರಲು ಫೆಬ್ರವರಿ, ಮಾರ್ಚ್ ಸರಿ. ಮಳೆ ಹಿಡಿಯುವ ಹೊತ್ತಿಗೆ ರೆಕ್ಕೆ ಪುಕ್ಕ ತುಂಬಿರುತ್ತದೆ, ಮಳೆ ಬಿಡುವ ಹೊತ್ತಿಗೆ ಮೊಟ್ಟೆ ಶುರು. ಜೂನ್‌ನಲ್ಲಿ ತಂದರೆ ಗಾಳಿಗೆ ಮರ ಬಿದ್ದು ಕರೆಂಟ್ ಹೋದ ರಾತ್ರಿ ಮರಿಗಳನ್ನು ಒಲೆಯ ಬದಿಗೆ ತಂದು ಕೂರಬೇಕಾಗುತ್ತದೆ. ರಾಯಚೂರಿನ ಕಡೆಗೆ ಜುಲೈ, ಆಗಸ್ಟ್ ಒಳ್ಳೆಯದು. ಮೊದಲ ಮೊಟ್ಟೆ ಸಂಕ್ರಾಂತಿಯ ಆಸುಪಾಸಿಗೆ ಬರುತ್ತದೆ, ಬಿಸಿಲೇರುವ ಮೊದಲು ಎರಡು ತಿಂಗಳು ಚೆನ್ನಾಗಿ ಸಿಗುತ್ತದೆ.

ನಾಟಿಯನ್ನು ಕಾವಿಗೆ ಕೂರಿಸುವವರೂ ಇದನ್ನೇ ನೋಡಿ. ಒಂದು ಕೋಳಿಯ ಕೆಳಗೆ ಹತ್ತು ಹನ್ನೆರಡು ನಾಟಿ ಮೊಟ್ಟೆ, ದೊಡ್ಡ ಮೊಟ್ಟೆಯಾದರೆ ಎಂಟು ಒಂಬತ್ತು. ಏಳನೇ ದಿನ ಕತ್ತಲೆಯಲ್ಲಿ ಟಾರ್ಚ್ ಹಿಡಿದು ನೋಡಿದರೆ ಕೂಡಿದ ಮೊಟ್ಟೆಯಲ್ಲಿ ಕೆಂಪು ನರದ ಬಲೆ ಕಾಣುತ್ತದೆ. ಕಾಣದ್ದನ್ನು ತೆಗೆದುಬಿಡಿ.

ಪೇಟೆಯ ಸೈಟಿನಲ್ಲಿ ನಾಲ್ಕೈದು ಕೋಳಿ ಸಾಕುವವರಿಗೆ ಒಂದು ಮಾತು: ಮೊಟ್ಟೆಗೆ ಹುಂಜ ಬೇಕಾಗಿಲ್ಲ. ಮರಿ ಮಾಡಿಸುವುದಾದರೆ ಮಾತ್ರ ಬೇಕು. ಬೆಳಗಿನ ನಾಲ್ಕರ ಕೂಗಿಗೆ ನೆರೆಮನೆಯವರ ಜೊತೆ ಮನಸ್ತಾಪ ತಂದುಕೊಳ್ಳಬೇಡಿ.

ಲಸಿಕೆಯಲ್ಲಿ ಆಯ್ಕೆ ಇಲ್ಲ

ನಾಟಿ ಕೋಳಿಗೆ ರೋಗ ಬರುವುದಿಲ್ಲವೆಂಬ ಮಾತನ್ನು ನಂಬಬೇಡಿ. ಕೊಕ್ಕರೆ ರೋಗ (ರಾಣಿಖೇತ್) ಬಂದರೆ ನಾಟಿಯೂ ಸಾಯುತ್ತದೆ, ಗಿರಿರಾಜವೂ ಸಾಯುತ್ತದೆ. ಕತ್ತು ತಿರುಚಿಕೊಂಡು, ಹಸಿರು ಭೇದಿಯಾಗಿ, ವಾರದೊಳಗೆ ಒಡ್ಡಿ ಖಾಲಿ. ಬಂದ ಮೇಲೆ ಔಷಧವಿಲ್ಲ. ಅದರ ಲಸಿಕೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ನಾಲ್ಕೈದು ವಾರಕ್ಕೆ ಮತ್ತೊಮ್ಮೆ, ಎಂಟನೇ ವಾರಕ್ಕೆ ಅದೇ ರೋಗದ ಆರ್‌ಟುಬಿ ಚುಚ್ಚುಮದ್ದು. ಎರಡನೇ ವಾರದಲ್ಲಿ, ಮರಿಗಳಿಗೆ ಬರುವ ಗುಂಬೋರೊ ಎಂಬ ಇನ್ನೊಂದು ರೋಗಕ್ಕೆ ಹನಿ. ಮಳೆ ನಿಂತು ಸೊಳ್ಳೆ ಹೆಚ್ಚಾಗುವ ಊರಿನಲ್ಲಿ ಸಿಡುಬಿನದ್ದೂ ಹಾಕಿಸಿ. ದಿನಗಳ ಲೆಕ್ಕವನ್ನು ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಕೇಳಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಲಸಿಕೆಯ ಸೀಸೆ ನೂರಾರು ಕೋಳಿಗಾಗುವಷ್ಟು ಬರುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ನಮ್ಮ ಕೇರಿಯಲ್ಲಿ ಏಳು ಮನೆಯವರು ಸೇರಿ ಒಂದೇ ಸೀಸೆ ತರುತ್ತೇವೆ, ಐಸ್ ತುಂಬಿದ ಫ್ಲಾಸ್ಕಿನಲ್ಲಿ, ಸಂಜೆ ಕೋಳಿಗಳು ಒಡ್ಡಿ ಸೇರಿದ ಮೇಲೆ ಮನೆಯಿಂದ ಮನೆಗೆ ಹೋಗಿ ಹಾಕುತ್ತೇವೆ. ಜಂತುಹುಳಕ್ಕೆ ಮೂರು ತಿಂಗಳಿಗೊಮ್ಮೆ.

ಈಗ ನನ್ನ ಒಡ್ಡಿಯಲ್ಲಿ

ಆರು ಸ್ವರ್ಣಧಾರ, ನಾಲ್ಕು ನಾಟಿ, ಒಂದು ನಾಟಿ ಹುಂಜ. ಮನೆಯ ಐದು ಜನರ ಮೊಟ್ಟೆ ಸ್ವರ್ಣಧಾರದಿಂದ, ಮರಿ ನಾಟಿಯಿಂದ. ನಾಟಿಗೆ ಸಂಜೆಯ ಹಿಡಿ ಭತ್ತ, ಸ್ವರ್ಣಧಾರಕ್ಕೆ ಮೇದದ್ದರ ಮೇಲೆ ದಿನಕ್ಕೆ 50 ಗ್ರಾಂ ಮೇವು, ಮಳೆಗೆ ಹೊರಗೆ ಬಿಡಲಾಗದ ದಿನಗಳಲ್ಲಿ ಅದರ ಇಮ್ಮಡಿ. ಮನೆಯಲ್ಲಿ ಹಗಲು ಯಾರೂ ಇಲ್ಲದವರು ಹತ್ತನ್ನೂ ಸ್ವರ್ಣಧಾರ ಮಾಡಿಕೊಂಡು ಬಲೆಯ ಆವರಣದಲ್ಲಿ ಬಿಡುವುದು ಮೇಲು, ನಾಟಿ ಬಲೆಯೊಳಗೆ ನಿಲ್ಲುವುದಿಲ್ಲ. ಅದು ಬೇಲಿ ಹಾರಿ ಲಂಟಾನದ ಪೊದೆಯಲ್ಲಿ ಕದ್ದು ಮೊಟ್ಟೆ ಇಡುತ್ತದೆ, ನೀವು ಹುಡುಕುವಷ್ಟರಲ್ಲಿ ಕೇರೆಹಾವು ನುಂಗಿರುತ್ತದೆ.

ಒಂದೂವರೆ ವರ್ಷವಾದಾಗ ಕೋಳಿ ಪುಕ್ಕ ಉದುರಿಸುತ್ತದೆ. ಮೊಟ್ಟೆ ನಿಲ್ಲುತ್ತದೆ, ಜುಟ್ಟು ಬಿಳಿಚುತ್ತದೆ, ನೋಡಿದವರು ರೋಗವೆಂದುಕೊಂಡು ಮಾರಿಬಿಡುತ್ತಾರೆ. ಎರಡು ಮೂರು ತಿಂಗಳು ತಾಳಿ. ಪುಕ್ಕ ಬರಲು ಪ್ರೋಟೀನ್ ಬೇಕಾದ್ದರಿಂದ ಒಣ ಮೀನಿನ ಪುಡಿ, ಹಿಂಡಿ, ಗೆದ್ದಲು ಸ್ವಲ್ಪ ಹೆಚ್ಚಿಗೆ ಕೊಡಿ. ಸ್ವರ್ಣಧಾರ ಮತ್ತೆ ಇಡಲು ಶುರುಮಾಡಿದಾಗ ಮೊಟ್ಟೆ ಮೊದಲಿನಷ್ಟಿರುವುದಿಲ್ಲ, ಗಾತ್ರ ಮಾತ್ರ ದೊಡ್ಡದು. ಮೂರನೇ ವರ್ಷಕ್ಕೆ ಹೊಸ ಮರಿ ತರುವುದು ಲೆಕ್ಕಕ್ಕೆ ಸರಿ. ನಾಟಿಯದು ಬೇರೆ. ನನ್ನ ಕೆಂಪು ಕೋಳಿಗೆ ಈಗ ಆರನೇ ವರ್ಷ, ವರ್ಷಕ್ಕೆ ಮೂವತ್ತು ಮೊಟ್ಟೆ ಇಟ್ಟರೆ ಹೆಚ್ಚು. ಹೋದ ಫೆಬ್ರವರಿಯಲ್ಲಿ ಹನ್ನೊಂದು ಮೊಟ್ಟೆಗೆ ಕೂರಿಸಿದ್ದೆ, ಹತ್ತು ಮರಿ ತಂದಿತು, ಮಳೆ ಹಿಡಿಯುವಾಗ ಒಂಬತ್ತು ಅದರ ಹಿಂದೆಯೇ ಒಡ್ಡಿಗೆ ಹತ್ತುತ್ತಿದ್ದವು.